ತೀರ್ಪುಗಾರನಿಲ್ಲದ ಆಟಕ್ಕೆ ಸರ್ಕಾರದ ಮೊಹರು

ಬೆಂಗಳೂರಿನ ಒಂದು ಮೈದಾನದಲ್ಲಿ ಅಲ್ಟಿಮೇಟ್ ಆಟವನ್ನು ಮೊದಲ ಸಲ ನೋಡಿದ ದಿನ ನನ್ನ ಕಣ್ಣು ಹುಡುಕಿದ್ದು ಸೀಟಿ ಹಿಡಿದ ಮನುಷ್ಯನನ್ನು. ಅಂಥವರು ಯಾರೂ ಇರಲಿಲ್ಲ. ಹುಡುಗ ಹುಡುಗಿಯರು ಬೆರೆತ ಎರಡು ತಂಡ, ಒಂದೊಂದರಲ್ಲಿ ಏಳು ಜನ, ನಡುವೆ ಹಾರಾಡುವ 175 ಗ್ರಾಂ ತೂಕದ ಒಂದು ಪ್ಲಾಸ್ಟಿಕ್ ತಟ್ಟೆ. ತಟ್ಟೆ ಹಿಡಿದವರು ಓಡುವಂತಿಲ್ಲ. ಹತ್ತು ಎಣಿಸುವುದರೊಳಗೆ ಎಸೆಯಬೇಕು. ಆ ಹತ್ತನ್ನು ಎಣಿಸುವವನೂ ಎದುರಾಳಿಯೇ!

ಅಷ್ಟರಲ್ಲಿ ಒಬ್ಬಳು ‘ಫೌಲ್’ ಎಂದು ಕೂಗಿದಳು. ಆಟ ನಿಂತಿತು. ಅವಳ ಕೈಗೆ ತಾಗಿದನೆನ್ನಲಾದ ಹುಡುಗ ಒಂದು ಗಳಿಗೆ ಯೋಚಿಸಿ, ಇಲ್ಲ, ನಾನು ಒಪ್ಪುವುದಿಲ್ಲ ಎಂದ. ಇನ್ನು ಜಗಳವೇ ಗತಿ ಎಂದುಕೊಂಡೆ. ಆದರೆ ತಟ್ಟೆ ಎಸೆದವಳ ಕೈಗೇ ವಾಪಸು ಹೋಯಿತು, ಆ ಎಸೆತ ನಡೆದೇ ಇಲ್ಲವೆಂಬಂತೆ ಆಟ ಮುಂದುವರಿಯಿತು. ಅವಳು ಸುಳ್ಳಿಯಾಗಲಿಲ್ಲ, ಅವನು ತಪ್ಪಿತಸ್ಥನಾಗಲಿಲ್ಲ. ಇಬ್ಬರ ಸತ್ಯವನ್ನೂ ಅಲ್ಲಲ್ಲೇ ಬಿಟ್ಟು ಆಟ ಹಿಂದಿನ ಹೆಜ್ಜೆಗೆ ಮರಳಿತ್ತು. ನಮ್ಮ ನ್ಯಾಯಾಲಯಗಳಿಗಾಗಲಿ ಮನೆಯ ಜಗಳಗಳಿಗಾಗಲಿ ಈ ಸೌಲಭ್ಯವಿಲ್ಲ.

ಈ ಆಟ ಹುಟ್ಟಿದ್ದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮೇಪಲ್‌ವುಡ್‌ನಲ್ಲಿ, 1968ರಲ್ಲಿ. ಕೊಲಂಬಿಯಾ ಹೈಸ್ಕೂಲಿನ ಹುಡುಗರು ಅರ್ಧ ತಮಾಷೆಗೆಂದು ಶುರುಮಾಡಿ, ಶಾಲೆಯ ವಾಹನ ನಿಲ್ಲಿಸುವ ಜಾಗದಲ್ಲಿ ರಾತ್ರಿ ದೀಪದ ಬೆಳಕಿನಲ್ಲಿ ಆಡುತ್ತಿದ್ದರು. ಅವರಲ್ಲೊಬ್ಬ ಜೋಯಲ್ ಸಿಲ್ವರ್. ಮುಂದೆ ‘ದ ಮೇಟ್ರಿಕ್ಸ್’ ಚಿತ್ರದ ನಿರ್ಮಾಪಕನಾದವನು. 2015ರಲ್ಲಿ ಈ ಆಟದ ಜಾಗತಿಕ ಒಕ್ಕೂಟಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ಸಿಕ್ಕಿತು. 2019ರಲ್ಲಿ ವರ್ಮಾಂಟ್ ರಾಜ್ಯ ಇದನ್ನು ಹೈಸ್ಕೂಲುಗಳ ಅಧಿಕೃತ ಕ್ರೀಡೆಗಳ ಸಾಲಿಗೆ ಸೇರಿಸಿತು. ಹಾಗಾದರೆ ತವರಾದ ನ್ಯೂಜೆರ್ಸಿ ಒಂದು ಹೆಜ್ಜೆ ಮುಂದೆ ಹೋಗಿ, ಇದೇ ನಮ್ಮ ರಾಜ್ಯಕ್ರೀಡೆ ಎಂದು ಕಾನೂನು ಮಾಡಿದರೆ?

ಅಮೆರಿಕದಲ್ಲಿ ಇದು ಹೊಸದಲ್ಲ. ಮೇರಿಲೆಂಡ್ 1962ರಲ್ಲೇ ಕುದುರೆಯ ಮೇಲೆ ಕುಳಿತು ಈಟಿ ಹಿಡಿಯುವ ಆಟವನ್ನು ರಾಜ್ಯಕ್ರೀಡೆ ಎಂದಿತು. ಹವಾಯಿ ಸರ್ಫಿಂಗನ್ನು ತನ್ನದೆಂದು ಘೋಷಿಸಿ ಇಪ್ಪತ್ತು ವರ್ಷವಾದ ಮೇಲೆ, 2018ರಲ್ಲಿ, ಕ್ಯಾಲಿಫೋರ್ನಿಯವೂ ಅದನ್ನೇ ತನ್ನದೆಂದಿತು. ಒಂದೇ ಅಲೆಗೆ ಇಬ್ಬರು ಯಜಮಾನರು. ನಾವಂತೂ ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಎಂದು ಶಾಲೆಯಲ್ಲಿ ಬರೆದು ಅಂಕ ಪಡೆದವರು. ಹಾಗೆ ಯಾವ ಆಟವನ್ನೂ ಘೋಷಿಸಿಲ್ಲವೆಂದು ಕೇಂದ್ರ ಸರ್ಕಾರ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿತು. ಅದರಿಂದ ಹಾಕಿಯ ಮೇಲಿನ ಪ್ರೀತಿಯೇನೂ ಕಡಿಮೆಯಾಗಲಿಲ್ಲ. ಹಾಗಾಗಿ ಬಿರುದಿನ ಬಗ್ಗೆ ನನಗೆ ತಕರಾರಿಲ್ಲ. ತೊಡಕಿರುವುದು ಬಿರುದಿನ ಬೆನ್ನಿಗೇ ಬರುವ ಸಂಗತಿಗಳಲ್ಲಿ.

ಸರ್ಕಾರದ ಮಾನ್ಯತೆ ಎಂದರೆ ಪ್ರಮಾಣಪತ್ರ, ಅನುದಾನ, ಕಾಲೇಜಿನ ಸೀಟು. ಗೆದ್ದರೆ ಏನೋ ಸಿಗುತ್ತದೆ ಎಂದಾದಾಗ ‘ಹೌದು, ನನ್ನ ಕೈ ತಾಗಿತು’ ಎಂದು ಒಪ್ಪಿಕೊಳ್ಳುವುದು ದುಬಾರಿಯಾಗುತ್ತದೆ. ಆಗ ಯಾರೋ ರೆಫರಿ ಬೇಕು ಎನ್ನುತ್ತಾರೆ. ರೆಫರಿ ಬಂದ ಕೂಡಲೇ ತಪ್ಪು ಎಂಬುದಕ್ಕೆ ಸಿಕ್ಕಿಬಿದ್ದದ್ದು ಎಂಬಷ್ಟೇ ಅರ್ಥ ಉಳಿಯುತ್ತದೆ. ಇದು ಒಂದು ವಾದ, ಬಹುಕಾಲ ನಾನೂ ಇದನ್ನೇ ನಂಬಿದ್ದೆ.

ನಂಬಿಕೆ ಸಡಿಲಾದದ್ದು ನನ್ನದೇ ಬಾಲ್ಯವನ್ನು ನೆನೆದಾಗ. ನಮ್ಮ ಚಿನ್ನಿದಾಂಡಿಗೂ ಲಗೋರಿಗೂ ಯಾವ ರೆಫರಿ ಇದ್ದ? ‘ದೇವರಾಣೆಗೂ ಔಟಲ್ಲ’ ಎಂದು ಗಂಟಲಿನ ನರ ಉಬ್ಬಿಸಿ ಕೂಗಿದವನದೇ ತೀರ್ಪು. ಬ್ಯಾಟು ಯಾರದೋ ಅವನು ಎಂದೂ ಔಟಾಗುತ್ತಿರಲಿಲ್ಲ. ಮೆತ್ತಗಿನ ಹುಡುಗರು ಬಾಯಿ ಬಿಡದೆ ಹೋಗಿ ಫೀಲ್ಡಿಂಗಿಗೆ ನಿಲ್ಲುತ್ತಿದ್ದರು. ನಾನು ಅವರಲ್ಲೊಬ್ಬ. ತೀರ್ಪುಗಾರನಿಲ್ಲದ ಕಡೆ ನ್ಯಾಯ ತಾನಾಗಿ ಅರಳುತ್ತದೆಂದು ನನಗೆ ಯಾರೂ ಹೇಳಬೇಡಿ. ‘ಫೌಲ್’ ಎಂದು ಕೂಗುವುದಕ್ಕೂ ಒಂದು ಧೈರ್ಯ ಬೇಕು, ಮತ್ತು ಆ ಧೈರ್ಯ ಎಲ್ಲರ ಮನೆಯಲ್ಲೂ ಸಮನಾಗಿ ಹಂಚಿಕೆಯಾಗಿರುವುದಿಲ್ಲ. ಸೀಟಿ ಹಿಡಿದ ಮೂರನೆಯವನು ಬೇಕೆನಿಸುವುದು ಇಂಥವರ ಸಲುವಾಗಿಯೇ.

ಅಲ್ಟಿಮೇಟ್ ಇದನ್ನು ಅರಿಯದ ಆಟವೇನಲ್ಲ. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಒಂದೇ ವೃತ್ತದಲ್ಲಿ ನಿಲ್ಲುತ್ತವೆ. ಆಮೇಲೆ ಒಂದಕ್ಕೊಂದು ಅಂಕ ಕೊಡುತ್ತವೆ. ನಿಯಮ ತಿಳಿದಿದ್ದರೇ, ಮೈಮೇಲೆ ಬಿದ್ದರೇ, ನಿಷ್ಪಕ್ಷಪಾತಿಗಳಾಗಿದ್ದರೇ, ಸಂಯಮವಿತ್ತೇ, ಸರಿಯಾಗಿ ಮಾತಾಡಿದರೇ, ಹೀಗೆ ಐದು ಬಾಬತ್ತು, ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕು. ಅಂದರೆ ದನಿ ಎತ್ತದವರಿಗೂ ಕೊನೆಯಲ್ಲೊಂದು ಅವಕಾಶ. ಅಮೆರಿಕದಲ್ಲಿ 2012ರಲ್ಲಿ ಶುರುವಾದ ವೃತ್ತಿಪರ ಲೀಗಿನಲ್ಲಿ ರೆಫರಿಗಳು ಬಂದರು ನಿಜ. ಆದರೂ ರೆಫರಿ ತನಗೆ ಲಾಭವಾಗುವಂತೆ ತಪ್ಪು ತೀರ್ಪು ಕೊಟ್ಟರೆ ಆಟಗಾರನೇ ಅದನ್ನು ತಿರುಗಿಸಬಹುದೆಂಬ ನಿಯಮವನ್ನು ಅಲ್ಲಿಯೂ ಇಟ್ಟುಕೊಂಡರು.

ಈ ನಿಯಮ ಓದಿದಾಗ ನನಗೆ ನೆನಪಾದದ್ದು ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್. 1980ರ ಫೆಬ್ರವರಿ, ಬೊಂಬಾಯಿಯ ಟೆಸ್ಟ್, ಭಾರತಕ್ಕೆ ಅವರೇ ನಾಯಕ. ಇಂಗ್ಲೆಂಡ್ ಐದು ವಿಕೆಟ್ ಕಳೆದುಕೊಂಡು 58 ರನ್ನಿನಲ್ಲಿ ಕುಸಿದಿತ್ತು. ಬಾಬ್ ಟೇಲರ್ ಔಟೆಂದು ಅಂಪೈರ್ ಕೈಯೆತ್ತಿಯೂ ಆಗಿತ್ತು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್, ಅಂಪೈರನ್ನು ಕೇಳಿಕೊಂಡು ಟೇಲರ್‌ರನ್ನು ವಾಪಸು ಕರೆಸಿದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಕೂಡಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಅಂಪೈರ್ ಇದ್ದರು, ದೇಶದ ಹೆಸರಿತ್ತು, ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಸಂಭ್ರಮವೂ ಇತ್ತು. ಯಾವುದೂ ಅವರನ್ನು ತಡೆಯಲಿಲ್ಲ.

ಆದ್ದರಿಂದ ನ್ಯೂಜೆರ್ಸಿ ಕಾನೂನು ಮಾಡುವುದಾದರೆ ಮಾಡಲಿ ಎನ್ನುವ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಸರ್ಕಾರದ ಮೊಹರಿಗೇ ಅಳಿಸಿಹೋಗುವಂಥ ಪ್ರಾಮಾಣಿಕತೆ ಅದಾಗಿದ್ದರೆ, ಅದು ವಾಹನ ನಿಲ್ಲಿಸುವ ಜಾಗದಿಂದ ಇಷ್ಟು ದೂರ ಬರುತ್ತಲೇ ಇರಲಿಲ್ಲ. ಆದರೆ ಪೂರ್ತಿ ನಿಶ್ಚಿಂತೆಯಿಂದ ಹೇಳಲಾರೆ. ಆವತ್ತು ಆಟ ಮುಗಿದು ಎಲ್ಲರೂ ವೃತ್ತದಲ್ಲಿ ನಿಂತಾಗ ಸುಮಾರು ಹದಿನೈದು ವರ್ಷದ ಹುಡುಗಿಯೊಬ್ಬಳು ತುದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಆಟದಲ್ಲಿ ಅವಳನ್ನು ಎರಡು ಸಲ ತಳ್ಳಿದ್ದನ್ನು ನಾನು ಕಂಡಿದ್ದೆ. ಅವಳು ಒಮ್ಮೆಯೂ ಕೂಗಿರಲಿಲ್ಲ. ಅವಳ ಸರದಿ ಬಂದಾಗ ಏನು ಹೇಳುತ್ತಾಳೋ ಎಂದು ಕಾದೆ. ಬಸ್ಸಿನ ಹೊತ್ತಾಗಿತ್ತು, ನಾನು ಹೊರಟುಬಿಟ್ಟೆ.