ತಿದ್ದುವ ಕೈ

ಹೊಸ ಮನೆಗೆ ಬಂದಾಗ ಹೆಸರಿನ ಹಲಗೆ ಬರೆಸಲು ಹೋಗಿದ್ದೆ. ಬರೆಯುವಾತ ನನ್ನ ಉದ್ಯೋಗವನ್ನು ವಿಚಾರಿಸಿ, "ಹಿಂದುಗಡೆ ಎಂ.ಎ. ಹಾಕಿದ್ದೇನೆ ಸಾರ್, ಮುಂದುಗಡೆ ಎರಡು ಬೆರಳು ಜಾಗ ಬಿಟ್ಟಿರಲೇ?" ಎಂದ. ಆ ಜಾಗ 'ಡಾ.' ಎಂಬುದಕ್ಕೆ! ಬೇಡವೆನ್ನಲು ಬಾಯಿ ಬರಲಿಲ್ಲ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದಕ್ಕೆ ವಿದ್ಯೆಯ ಹಸಿವು ಎಷ್ಟು ಕಾರಣವೋ ಆ ಎರಡು ಬೆರಳು ಜಾಗವೂ ಅಷ್ಟೇ ಕಾರಣವೆಂದು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು.

ಸಹಾಯಕ ಪ್ರಾಧ್ಯಾಪಕರ ನೇಮಕಾತಿಗೆ 2023ರ ಜುಲೈಯಿಂದ ಪಿಎಚ್.ಡಿ. ಕಡ್ಡಾಯವಲ್ಲ. ಬಡ್ತಿಗೆ ಬೇಕು, ನಿಜ. ಆದರೆ ಬಡ್ತಿಯೊಂದೇ ಗುರಿಯಾದರೆ ಸುಲಭದ ದಾರಿಗಳುಂಟು. ಪ್ರಬಂಧ ಬರೆದುಕೊಡುವೆನೆಂದು ಮುಂದೆ ಬಂದ ಮಹಾಶಯರೊಬ್ಬರು ನನಗೆ ದರವನ್ನೂ ಹೇಳಿದರು. ಕದ್ದ ಸಾಲುಗಳನ್ನು ಯಂತ್ರ ಶೇಕಡಾ ಲೆಕ್ಕದಲ್ಲಿ ಹಿಡಿಯುತ್ತದೆ. ಬೇರೆಯವರು ಹೊಸದಾಗಿ ಬರೆದುಕೊಟ್ಟದ್ದನ್ನು ಹಿಡಿಯಲಾರದು. ಹಿಡಿಯಬೇಕಾದವನು ನಾನೇ. ಯಾರೂ ನೋಡದಿರುವಾಗ ಕಲಿಯುವವನು ಎಂಥವನಾಗಿರುತ್ತಾನೆ? ಈ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಹತ್ತಿತು.

ನಾನು ಹಿಡಿದ ವಿಷಯ ಹಸ್ತಪ್ರತಿಗಳದು. ಕಾಲೇಜು ಬಿಟ್ಟು ಹೊರಡುವಂತಿರಲಿಲ್ಲವಾಗಿ, ರಾತ್ರಿ ಊಟವಾದ ಮೇಲೆ ಆನ್‌ಲೈನ್ ಪಾಠಗಳಿಗೆ ಕುಳಿತೆ. ಮೊದಲನೆಯದು ಸಂಶೋಧನಾ ವಿಧಾನ ಕುರಿತದ್ದು. ಪಾಠ ತನ್ನಷ್ಟಕ್ಕೆ ತಾನು ನಡೆಯುತ್ತಿತ್ತು. ನಾನು ಅವರೆಕಾಯಿ ಸುಲಿಯುತ್ತಿದ್ದೆ. ವಾರದ ಕೊನೆಗೆ ಹತ್ತು ಪ್ರಶ್ನೆ. ಉತ್ತರಗಳ ಪಟ್ಟಿ ಸಹಪಾಠಿಯೊಬ್ಬರ ಕೃಪೆಯಿಂದ ಮೊಬೈಲಿಗೇ ಬಂತು. ಪರೀಕ್ಷಾ ಕೊಠಡಿಯಲ್ಲಿ ಹುಡುಗರ ಚೀಟಿ ಹಿಡಿಯುವ ನಾನು, ರಾತ್ರಿ ಹನ್ನೊಂದು ಗಂಟೆಗೆ ಅದನ್ನು ನೋಡಿ ಗುರುತು ಹಾಕಿದೆ. ಹತ್ತಕ್ಕೆ ಹತ್ತು! ಆ ಪ್ರಮಾಣಪತ್ರ ಇಂದಿಗೂ ಕಪಾಟಿನಲ್ಲಿದೆ, ಯಾರಿಗೂ ತೋರಿಸಿಲ್ಲ.

ಎರಡನೆಯದು ಹಳಗನ್ನಡ ಪ್ರತಿಗಳನ್ನು ಓದುವ ಪಾಠ. ಓಲೆಯೊಂದರ ಚಿತ್ರ ಕೊಟ್ಟು ಅರ್ಥ ಬರೆಯಲು ಹೇಳಿದ್ದರು. 'ಬಾಳ್' ಎಂದಿತ್ತು, 'ಕತ್ತಿ' ಎಂದು ಬರೆದು ಕಳುಹಿಸಿದೆ. ಮೂರು ದಿನಕ್ಕೆ ಮರಳಿ ಬಂತು: "ಇಲ್ಲಿ ಕತ್ತಿಯಲ್ಲ, ಬದುಕು. ಮೂಲದಲ್ಲಿದ್ದದ್ದು ಬಾೞ್, ನಕಲು ಮಾಡಿದವನ ಕಾಲಕ್ಕೆ ೞಕಾರ ಳಕಾರವಾಗಿತ್ತು. ಹಿಂದಿನ ಪದವನ್ನು ಬಿಟ್ಟು ಓದಿದ್ದೀರಿ." ಈ ಭೇದ ನನಗೆ ತಿಳಿಯದ್ದಲ್ಲ, ವರ್ಷವರ್ಷವೂ ಪಾಠ ಹೇಳಿದ್ದೇನೆ. ಆದರೂ ಅವಸರದಲ್ಲಿ ಬದುಕನ್ನು ಕತ್ತಿ ಮಾಡಿಬಿಟ್ಟಿದ್ದೆ. ಎದುರಿಗೆ ಎಂದೂ ಕಾಣದ ಆ ಮೇಷ್ಟರು ಅಷ್ಟು ದೂರದಿಂದ ನನ್ನ ಒಂದು ಅಕ್ಷರದ ಮೇಲೆ ಬೆರಳಿಟ್ಟಿದ್ದರು. ನಾಚಿಕೆಯಾಯಿತು, ಬಹುಕಾಲದ ಮೇಲೆ ವಿದ್ಯಾರ್ಥಿಯಾದ ಸಂತೋಷವೂ ಆಯಿತು.

ನಮ್ಮ ನುಡಿಯಲ್ಲಿ 'ತಿದ್ದು' ಎಂಬ ಮಾತಿಗೆ ಎರಡು ಬಳಕೆ. ಮಗು ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತದೆ. ಮೇಷ್ಟರು ತಪ್ಪನ್ನು ತಿದ್ದುತ್ತಾರೆ. ಕಲಿಯುವುದಕ್ಕೂ ಕಲಿಸುವುದಕ್ಕೂ ಒಂದೇ ಮಾತು! ಓಲೆಯ ಲಿಪಿಕಾರರೂ ಪ್ರತಿಯ ಕೊನೆಗೆ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿರೆಂದು ಬೇಡಿಕೊಳ್ಳುವುದುಂಟು. ವಿದ್ಯೆಯ ಗುಣವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾನರಿಯೆ: ಅಲ್ಲಿ ತಿದ್ದುವ ಕೈ ಇದೆಯೇ? ತಿದ್ದಿಸಿಕೊಳ್ಳುವ ಮನಸ್ಸಿದೆಯೇ?

2022ರ ಯು.ಜಿ.ಸಿ. ನಿಯಮಾವಳಿಯಂತೆ ಪಿಎಚ್.ಡಿ.ಯನ್ನು ದೂರಶಿಕ್ಷಣದಿಂದಾಗಲಿ ಆನ್‌ಲೈನಿನಿಂದಾಗಲಿ ನಡೆಸಕೂಡದು. ತಪ್ಪೆನ್ನಲಾರೆ, ಮಾರ್ಗದರ್ಶಕರ ಮುಂದೆ ಕರಡು ಹಿಡಿದು ಬೆವರುವುದರಲ್ಲಿ ಪ್ರಯೋಜನವಿದೆ. ಹಾಗೆಂದು ಆನ್‌ಲೈನ್ ವಿದ್ಯೆಯೆಲ್ಲ ಹಗುರವೆಂದು ಮೂಗು ಮುರಿಯಬಹುದೇ? 'ಶೋಧಗಂಗಾ'ದಲ್ಲಿ ದೇಶದ ಎಷ್ಟೋ ವಿಶ್ವವಿದ್ಯಾಲಯಗಳ ಪ್ರಬಂಧಗಳು ಮನೆಯಲ್ಲೇ ಓದಲು ಸಿಗುತ್ತವೆ. ನಮ್ಮ ಗುರುಗಳು ಅಂಥದೊಂದಕ್ಕಾಗಿ ರೈಲು ಹತ್ತಬೇಕಿತ್ತು. ಇನ್ನು ನನ್ನ ತರಗತಿಯನ್ನೇ ನೋಡಿ. ಎಂಬತ್ತು ಮಂದಿ. ಕೊನೆಯ ಬೆಂಚಿನ ಹುಡುಗ ನನ್ನಿಂದ ಮೂವತ್ತಡಿ ದೂರದಲ್ಲಿದ್ದಾನೆ. ಅವನ ಬರವಣಿಗೆಯ ಮೇಲೆ ಅಂಕವಲ್ಲದೆ ಬೇರೇನನ್ನಾದರೂ ಬರೆದ ನೆನಪು ನನಗಿಲ್ಲ. ದೂರಶಿಕ್ಷಣ ಯಾವುದೆಂದು ವಾಚಕರೇ ಹೇಳಬೇಕು.

ಹಲಗೆಯ ಮೇಲಿನ ಜಾಗ ಇನ್ನೂ ಖಾಲಿಯಿದೆ. ತುಂಬಿದಾಗ ತುಂಬಲಿ. ಈ ವಾರ ಎಂಬತ್ತು ಉತ್ತರಪತ್ರಿಕೆಗಳನ್ನು ಮನೆಗೆ ತಂದಿದ್ದೇನೆ. ಅಂಕದ ಜೊತೆಗೆ ಎರಡೆರಡು ಸಾಲಾದರೂ ಬರೆದು ಹಿಂದಿರುಗಿಸಬೇಕೆಂದು ಸಂಕಲ್ಪ. ಇದನ್ನು ಬರೆಯುವ ಹೊತ್ತಿಗೆ ಹದಿನಾಲ್ಕು ಮುಗಿದಿವೆ.