ಅಪ್ಪ ಬರೆದುಕೊಂಡ ಪಟ್ಟಿ

1992ರ ಬೇಸಿಗೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ. ಬೇಲೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಹಲ್ಮಿಡಿಗೆ ಸೈಕಲ್ ತುಳಿದುಕೊಂಡು ಹೋಗಿ ಊಟದ ಹೊತ್ತಿಗೆ ಮನೆಗೆ ಬರಬಹುದಿತ್ತು. ಸುಮಾರು ಕ್ರಿ.ಶ. 450ರ ಕನ್ನಡ ಶಾಸನ ಆ ಊರಿನದು. 1936ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದ ಕಥೆಯನ್ನು ನಮ್ಮ ಸಮಾಜ ಮೇಷ್ಟ್ರು ಹೇಳಿದ್ದರು. ಕಲ್ಲಿನ ಮೇಲಿನ 16 ಸಾಲು ಒಂದು ನಾಡಿನ ನುಡಿಗೆ ಸಾಕ್ಷಿಯಾಗಬಲ್ಲದು ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಪಿಯುಸಿಗೆ ಇತಿಹಾಸ ತೆಗೆದುಕೊಳ್ಳುತ್ತೇನೆ ಎಂದೆ.

ಊರಿನ ಅಂಚೆ ಕಚೇರಿ ನೋಡಿಕೊಳ್ಳುತ್ತಿದ್ದ ಅಪ್ಪ ಬೈಯಲಿಲ್ಲ. ಒಂದೇ ಮಾತು ಹೇಳಿದರು: "ಸೈನ್ಸ್ ತಗಂಡೋರು ಆಮೇಲೆ ಬೇಕಾದ್ರೆ ಆರ್ಟ್ಸ್‌ಗೆ ಬರಬೋದು ಕಣಪ್ಪ. ಆರ್ಟ್ಸ್ ತಗಂಡೋರು ಸೈನ್ಸ್‌ಗೆ ಹೋಗಕ್ಕಾಗಲ್ಲ."

ಪಿಸಿಎಂಬಿ ಸೇರಿದೆ. ಮರುದಿನ ಅಪ್ಪ ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಇಬ್ಬರು ಲೆಕ್ಚರರ್‌ಗಳನ್ನು ಹುಡುಕಿ, ಯಾವ ಪುಸ್ತಕ ಕೊಳ್ಳಬೇಕು, ಟ್ಯೂಷನ್ ಯಾರ ಹತ್ತಿರ ಒಳ್ಳೆಯದು ಎಂದು ಕೇಳಿ, ಮನಿಯಾರ್ಡರ್ ಫಾರಂನ ಹಿಂಬದಿಯಲ್ಲಿ ಬರೆದುಕೊಂಡು ಬಂದರು. 1994ರಲ್ಲಿ ಸಿಇಟಿ ಶುರುವಾದಾಗ ಅದನ್ನು ಬರೆದ ಮೊದಲ ತಂಡದಲ್ಲಿ ನಾನಿದ್ದೆ. ಎಂಜಿನಿಯರಿಂಗ್ ಸೀಟು ಸಿಕ್ಕಿತು. 1999ರಲ್ಲಿ ಕಂಪ್ಯೂಟರಿನ ವೈಟುಕೆ ಕೆಲಸಕ್ಕೆಂದು ಶಿಕಾಗೋಗೆ ಬಂದೆ. ಅಪ್ಪನ ಲೆಕ್ಕ ಸರಿಯಾಗಿತ್ತು. ನನಗೆ ಅನ್ನ ಕೊಟ್ಟಿದ್ದು ಆ ಲೆಕ್ಕವೇ.

ಕಳೆದ ವರ್ಷ ಊಟದ ಮೇಜಿನಲ್ಲಿ ನನ್ನ ಮಗಳು ಹೇಳಿದಳು: "ಅಪ್ಪ, ನಾನು ಹಿಸ್ಟರಿ ಓದ್ತೀನಿ." ತುತ್ತು ಕೈಯಲ್ಲೇ ಉಳಿಯಿತು. ನನ್ನ ಬಾಯಿಂದ ಬಂದದ್ದು ಅಪ್ಪನದೇ ಮಾತು, ಈ ಸಲ ಇಂಗ್ಲಿಷಿನಲ್ಲಿ.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಭಯ ಎಲ್ಲಿಂದ ಬಂತೆಂದು ಯೋಚಿಸುತ್ತ ಮಲಗಿದ್ದೆ. ನಮ್ಮ ಊರಿನ ಕಡೆ ಆ ಭಯಕ್ಕೆ ಗಟ್ಟಿ ಕಾರಣವಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದದವರಿಗೆ ಎಂಜಿನಿಯರಿಂಗ್ ಬಾಗಿಲು ಮುಚ್ಚಿತು. ಜೀವಶಾಸ್ತ್ರ ಬಿಟ್ಟವರಿಗೆ ಆಗ ವೈದ್ಯಕೀಯದ್ದೂ ಮುಚ್ಚುತ್ತಿತ್ತು. ಹದಿನಾರನೇ ವಯಸ್ಸಿನಲ್ಲಿ ಹಾಕಿದ ಒಂದು ಗುರುತು ಮುಂದಿನ ನಲವತ್ತು ವರ್ಷವನ್ನು ಎಳೆದೊಯ್ಯುತ್ತದೆ. ಇಲ್ಲಿಗೆ ಓದಲು ಬರುವ ನಮ್ಮ ಹುಡುಗರಿಗೂ ಭಯ ಸುಳ್ಳಲ್ಲ. ಈಗಿನ ನಿಯಮದಲ್ಲಿ ಎಫ್-1 ವೀಸಾದವರಿಗೆ ಪದವಿಯ ಬಳಿಕ 12 ತಿಂಗಳು ಕೆಲಸ ಮಾಡುವ ಅನುಮತಿ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪಟ್ಟಿಯಲ್ಲಿರುವ ವಿಷಯವಾದರೆ ಇನ್ನೂ 24 ತಿಂಗಳು. ಅನೇಕ ಅರ್ಥಶಾಸ್ತ್ರ ವಿಭಾಗಗಳು ತಮ್ಮ ಪದವಿಯನ್ನು ಈ ಪಟ್ಟಿಗೆ ಸೇರುವಂತೆ ಬದಲಿಸಿಕೊಂಡಿರುವುದು ಸುಮ್ಮನೆ ಅಲ್ಲ. ಸಾಲ ಮಾಡಿ ಬಂದ ಹುಡುಗಿಗೆ "ಮನಸ್ಸಿಗೆ ಬಂದದ್ದು ಓದು" ಎನ್ನುವವರು ಆ ಎರಡು ವರ್ಷದ ಬೆಲೆಯನ್ನೂ ತಿಳಿಸಿ ಹೇಳಬೇಕು.

ಆದರೆ ನನ್ನ ಮಗಳು ಹುಟ್ಟಿದ್ದು ಇಲ್ಲಿ. ಅವಳಿಗೆ ವೀಸಾ ಬೇಡ. ಇಲ್ಲಿನ ಕಾನೂನು ಶಾಲೆಗಳು ಯಾವ ವಿಷಯದ ಪದವೀಧರರನ್ನಾದರೂ ಸೇರಿಸಿಕೊಳ್ಳುತ್ತವೆ. ಬೇಕಾದ ವಿಜ್ಞಾನದ ಕೋರ್ಸುಗಳನ್ನು ಮುಗಿಸಿದ್ದರೆ ಇತಿಹಾಸ ಓದಿದವರೂ ಮೆಡಿಕಲ್ ಸೇರಬಹುದು. ನನ್ನ ವೀಸಾದ ದಿನಗಳ ಭಯವನ್ನು ಅವಳ ಹೆಗಲಿಗೆ ಏರಿಸುತ್ತಿದ್ದೆ.

ಆಗ ನೆನಪಾದವರು ಕವಿ, ಅನುವಾದಕ ಎ.ಕೆ. ರಾಮಾನುಜನ್. ಅವರ ತಂದೆ ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರು. ಮಗ ಕಾಲೇಜಿನ ಮೊದಲ ವರ್ಷ ವಿಜ್ಞಾನ ಓದುತ್ತಿದ್ದಾಗ, ಇವನ ಮನಸ್ಸು ಗಣಿತದ್ದಲ್ಲ ಎಂದು ಕಂಡುಕೊಂಡು ಇಂಗ್ಲಿಷ್ ಸಾಹಿತ್ಯಕ್ಕೆ ಬದಲಿಸಲು ಒಪ್ಪಿಸಿದವರು ಆ ತಂದೆಯೇ. ಆ ಮಗ 1962ರಿಂದ ನಮ್ಮ ಇದೇ ಊರಿನ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕಲಿಸಿದರು, 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದರು. ಅವರ ಕಾಗದಪತ್ರಗಳು ಈಗಲೂ ಆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ನನಗೆ ಮುಖ್ಯವಾದದ್ದು ತಂದೆಯ ನಡೆ. ಅವರು ಮಗನನ್ನು ನೋಡಿದರು. ಮಗ ಬೆಳೆದದ್ದೂ ಪುಸ್ತಕ, ಭಾಷೆ, ಚರ್ಚೆ ತುಂಬಿದ ಮನೆಯಲ್ಲಿ.

ನಾವು ತಪ್ಪುತ್ತಿರುವುದು ಇಲ್ಲೇ ಎಂದು ನನಗೆ ಈಗ ಅನ್ನಿಸುತ್ತದೆ. ವಿಜ್ಞಾನ ಆರಿಸಿಕೊಂಡ ಮಗುವಿಗೆ ಕೋಚಿಂಗ್, ಗಣಿತದ ಕ್ಲಾಸು, ರೊಬೊಟಿಕ್ಸ್ ಶಿಬಿರ, ಬೇಸಿಗೆಯಲ್ಲಿ ಗೆಳೆಯರ ಕಂಪನಿಯಲ್ಲಿ ಇಂಟರ್ನ್‌ಶಿಪ್, ಎಲ್ಲ ದಾರಿಯನ್ನೂ ಮಾಡಿಕೊಡುತ್ತೇವೆ. ಕಲಾ ವಿಷಯ ಆರಿಸಿಕೊಂಡ ಮಗುವಿಗೆ "ಆಗಲಿ, ನಿನ್ನಿಷ್ಟ" ಎಂದು ಕೈಬಿಡುತ್ತೇವೆ. ನಾಲ್ಕು ವರ್ಷದ ಮೇಲೆ ಕೆಲಸ ಸಿಗದೆ ನಿಂತರೆ ವಿಷಯವನ್ನು ದೂರುತ್ತೇವೆ.

ಇತಿಹಾಸಕ್ಕೂ ತಯಾರಿ ಬೇಕು. ಒಂದು ಹಳೆಯ ಭಾಷೆ ಬೇಕು. ಕರ್ನಾಟಕದ ಇತಿಹಾಸಕ್ಕೆ ಹಳಗನ್ನಡವಿಲ್ಲದೆ ನಡೆಯದು, ಸಂಸ್ಕೃತವೂ ಫಾರ್ಸಿಯೂ ಬೇಕಾಗಬಹುದು. ಸಂಖ್ಯಾಶಾಸ್ತ್ರ ಬೇಕು, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೈ ಬೇಕು, ಬೇಸಿಗೆಯಲ್ಲಿ ದಾಖಲೆಗಳ ಭಂಡಾರದಲ್ಲೋ ಮ್ಯೂಸಿಯಮ್ಮಿನಲ್ಲೋ ದುಡಿದ ಅನುಭವ ಬೇಕು, ಪ್ರತಿವಾರ ಬರೆದದ್ದನ್ನು ತಿದ್ದಿಕೊಡುವ ಗುರು ಬೇಕು. ಇವಿಷ್ಟೂ ಇದ್ದವರಿಗೆ ಕಾನೂನು, ಪತ್ರಿಕೋದ್ಯಮ, ನೀತಿ ಸಂಶೋಧನೆ, ಊರಿಗೆ ಮರಳಿದರೆ ಯಾವ ಪದವಿಯಾದರೂ ಸಾಕೆನ್ನುವ ಐಎಎಸ್, ಕೆಎಎಸ್ ಪರೀಕ್ಷೆ, ಎಲ್ಲವೂ ಕೈಗೆಟುಕುವ ದೂರದಲ್ಲೇ ಇರುತ್ತವೆ.

ಎರಡು ದಾರಿ ಕೂಡುವ ಜಾಗವೂ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಕೆಲವು ವರ್ಷಗಳಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಲ್ಲಿ ದಾಖಲಿಸುತ್ತಿದೆ. ಮಳೆ ಬಿಸಿಲಿಗೆ ಸವೆದು ಕಣ್ಣಿಗೆ ಕಾಣದ ಅಕ್ಷರ ಪರದೆಯ ಮೇಲೆ ಎದ್ದು ಬರುತ್ತದೆ. ಯಂತ್ರ ಅಕ್ಷರವನ್ನು ತೋರಿಸುತ್ತದೆ. ಅದು ಯಾರ ದಾನ, ಯಾವ ಕೆರೆ, ಯಾವ ವೀರನ ಸಾವು ಎಂದು ಓದಲು ಹಳಗನ್ನಡ ಬಲ್ಲವರೇ ಬೇಕು. ಮಗಳಿಗೆ ಆ ಚಿತ್ರಗಳನ್ನು ತೋರಿಸಿದೆ. "ಇದಕ್ಕೆ ನಿನ್ನ ಪ್ರೋಗ್ರಾಮಿಂಗ್, ನನ್ನ ಹಿಸ್ಟರಿ ಎರಡೂ ಬೇಕಲ್ವಾ?" ಎಂದಳು. ನಾವಿಬ್ಬರೂ ಈಗ ಶನಿವಾರ ಬೆಳಿಗ್ಗೆ ಹಳಗನ್ನಡ ಓದುತ್ತೇವೆ. ನಾನು ಅವಳಿಗಿಂತ ನಿಧಾನ.

ಇಲ್ಲಿನ ನಮ್ಮ ಕನ್ನಡ ಕೂಟದ ಹಿರಿಯರಲ್ಲಿ ಒಂದು ಬೇಡಿಕೆ. ಸಾಫ್ಟ್‌ವೇರ್ ಸಂದರ್ಶನಕ್ಕೆ ಮಕ್ಕಳನ್ನು ಅಣಿ ಮಾಡುವಷ್ಟೇ ಶ್ರದ್ಧೆಯಿಂದ, ಇತಿಹಾಸ, ಭಾಷೆ, ಸಮಾಜಶಾಸ್ತ್ರ ಓದುವ ಮಕ್ಕಳಿಗೂ ನಮ್ಮಲ್ಲಿರುವ ವಕೀಲರನ್ನು, ಅಧ್ಯಾಪಕರನ್ನು, ಪತ್ರಕರ್ತರನ್ನು ಪರಿಚಯಿಸೋಣ. ವಿಜ್ಞಾನ ಓದಬೇಕೆನ್ನುವ ಮಗು ವಿಜ್ಞಾನವನ್ನೇ ಓದಲಿ. ಯಾವ ಮಗುವೂ ಒಂಟಿಯಾಗಿ ಓದದಿರಲಿ.

ಅಪ್ಪನಿಗೆ ಫೋನು ಮಾಡಿ ಮೊಮ್ಮಗಳ ತೀರ್ಮಾನ ಹೇಳುವಾಗ ನನ್ನ ಗಂಟಲು ಒಣಗಿತ್ತು. ಹಲ್ಮಿಡಿಯಲ್ಲಿ ಈಗ ಶಾಸನದ ಪ್ರತಿಕೃತಿ ನಿಲ್ಲಿಸಿದ್ದಾರೆ, ಬಂದಾಗ ಅವಳಿಗೆ ತೋರಿಸಬೇಕು ಎಂದರು. ಕೆಲಸ ಏನು ಸಿಗುತ್ತದೆ ಎಂದು ಕೇಳಲಿಲ್ಲ.

"ಅದಕ್ಕೆ ಏನೇನು ಪುಸ್ತಕ ಓದ್ಬೇಕಂತೆ? ಹಾಸನದಲ್ಲಿ ಸಿಗ್ತವೇನೋ ಕೇಳ್ತೀನಿ. ಇರು, ಪೆನ್ನು ತಗಂಡು ಬರ್ತೀನಿ."