ದಾಟಿಸುವವನ ದಡ

ಆದೋನಿಯಿಂದ ಮೂಡಲಿಗೆ ಹೊರಟರೂ ಪಡುವಲಿಗೆ ಹೊರಟರೂ ಕಡಲನ್ನು ಕಾಣಲು ನೂರಾರು ಮೈಲಿಗಳ ಪಯಣವಾಗಬೇಕು. ಎರೆಯ ಹೊಲಗಳಲ್ಲಿ ಹತ್ತಿಯನ್ನು ಬೆಳೆದು, ಮುಂಗಾರು ತಪ್ಪಿದ ವರ್ಷ ಗುಳೆ ಹೋಗಿ, ನೀರೆಂದರೆ ಕೆರೆ, ಬಾವಿ ಮತ್ತು ದೂರದ ತುಂಗಭದ್ರೆಯೆಂದಷ್ಟೇ ಬಲ್ಲ ನಮ್ಮ ಕಡೆಯ ಜನ, ಏಕಾದಶಿಯ ರಾತ್ರಿ ತಾಳ ತಂಬೂರಿಗಳೊಡನೆ ಭಜನೆಗೆ ಕುಳಿತೊಡನೆ, ಬಾಳನ್ನು ಸಾಗರವೆಂದೂ ದೇಹವನ್ನು ನಾವೆಯೆಂದೂ ಹರಿಯನ್ನು ಅಂಬಿಗನೆಂದೂ ಹಾಡತೊಡಗುವರು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಆಂಧ್ರಕ್ಕೆ ಸಂದು, ಕಚೇರಿಯ ಭಾಷೆ ಬದಲಾದರೂ ಈ ಹಾಡು ಬದಲಾಗಲಿಲ್ಲ. ಕಾಣದ ಕಡಲನ್ನು ನೆನೆದು ಕಣ್ಣೀರು ತಂದುಕೊಳ್ಳುವ ಆ ಜನರ ಭಕ್ತಿಯಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಆ ರೂಪಕದೊಳಗೆ ಒಬ್ಬ ಮನುಷ್ಯನು ಬಹುಕಾಲದಿಂದ ಹುಟ್ಟು ಹಿಡಿದು ನಿಂತಿರುವನು. ಅವನ ವಿಷಯದಲ್ಲಿ ನಮ್ಮ ಧರ್ಮವಿಚಾರವು ಕೇಳಬೇಕಾದ ಪ್ರಶ್ನೆಯೊಂದನ್ನು ಕೇಳದೆಯೇ ಬಿಟ್ಟಿದೆಯೆಂದು ನನಗೆ ತೋರುತ್ತದೆ. ದಾಟುವವನ ಗತಿಯನ್ನು ಶಾಸ್ತ್ರಗಳೂ ದೇವರನಾಮಗಳೂ ಬಗೆಬಗೆಯಾಗಿ ಹೇಳಿವೆ, ದಾಟಿಸುವವನ ಗತಿಯೇನು?

ಈ ಪ್ರಶ್ನೆಗೆ ಈಗ ಹೊಸ ಚೈತನ್ಯ ಬಂದಿರುವುದು ಕಾರವಾರದ ಕಡೆಯ ವರ್ತಮಾನದಿಂದ. ಅಲ್ಲಿನ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, 1976ರಲ್ಲಿ ನೌಕಾಪಡೆಯನ್ನು ಸೇರಿ 2005ರಲ್ಲಿ ನಿವೃತ್ತವಾದ ‘ಚಪಲ್’ ಎಂಬ ಯುದ್ಧನೌಕೆಯನ್ನು ನೆಲಕ್ಕೇರಿಸಿ, ಜನರು ಒಳಹೊಕ್ಕು ನೋಡಿಬರುವಂತೆ ವಸ್ತುಸಂಗ್ರಹಾಲಯ ಮಾಡಿರುವುದು ಹಲವರಿಗೆ ತಿಳಿದುದೇ. ನಮ್ಮ ಆಂಧ್ರದ ವಿಶಾಖಪಟ್ಟಣದಲ್ಲಿಯೂ ‘ಕುರ್ಸುರಾ’ ಎಂಬ ಜಲಾಂತರ್ಗಾಮಿಯು 2002ರಿಂದ ಹಾಗೆಯೇ ದಡವೇರಿ ನಿಂತಿದೆ. ಇವು ದುಡಿದು ದಣಿದು ವಿಶ್ರಮಿಸಿದ ನೌಕೆಗಳು. ಅದೇ ಕಾರವಾರದ ನೌಕಾನೆಲೆಯಲ್ಲಿ 2025ರ ಮೇ 21ರಂದು ನೌಕಾಪಡೆಯು ತನ್ನ ಬಳಗಕ್ಕೆ ಸೇರಿಸಿಕೊಂಡ ‘ಕೌಂಡಿನ್ಯ’ವೆಂಬ ಹಡಗಿನ ರೀತಿಯೇ ಬೇರೆ. ಐದನೆಯ ಶತಮಾನದ ಅಜಂತೆಯ ಚಿತ್ರದಲ್ಲಿ ಕಾಣುವ ನೌಕೆಯೊಂದನ್ನು ಆಧಾರವಾಗಿಟ್ಟುಕೊಂಡು, ಹಲಗೆಗೆ ಹಲಗೆಯನ್ನು ಮೊಳೆಯಿಂದ ಜಡಿಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳನ್ನು ನಾರಿನಿಂದಲೂ ಮರದ ಅಂಟಿನಿಂದಲೂ ಮುಚ್ಚಿ, ಕೇರಳದ ಕುಶಲಿಗಳು ಅದನ್ನು ಕಟ್ಟಿದರು. ಅದರ ಹಾಯಿಯ ಮೇಲೆ ಗಂಡಭೇರುಂಡವೂ ಸೂರ್ಯನೂ ಇವೆ. ಆ ವರ್ಷದ ಕೊನೆಯಲ್ಲಿ ಅದು ಪೋರಬಂದರದಿಂದ ಹಾಯಿಬಿಚ್ಚಿ ಹೊರಟು, ಗಾಳಿಯನ್ನೇ ನಂಬಿ ನಡೆದು, ಮಸ್ಕತ್ತನ್ನು ಮುಟ್ಟಿತು. ಗೋಡೆಯ ಚಿತ್ರದಲ್ಲಷ್ಟೇ ಉಳಿದಿದ್ದ ನೌಕೆಯು ಹದಿನೈದು ಶತಮಾನಗಳ ತರುವಾಯ ನೀರಿಗಿಳಿದ ಸುದ್ದಿಯನ್ನು ಕೇಳಿ ನನಗಾದ ಹರ್ಷ ಅಷ್ಟಿಷ್ಟಲ್ಲ. ಇನ್ನು ಮುಂದೆ ಗುಜರಾತಿನ ಲೋಥಲ್‌ನಲ್ಲಿಯೂ, ಸಿಂಧೂ ನಾಗರಿಕತೆಯ ಬಂದರೆಂದು ಪ್ರಸಿದ್ಧವಾದ ಆ ಸ್ಥಳದಲ್ಲಿ, ನಮ್ಮ ಸಮುದ್ರಯಾನದ ಪರಂಪರೆಯನ್ನೆಲ್ಲ ಒಂದೆಡೆ ಕೂಡಿಸುವ ಬೃಹತ್ ಸಂಗ್ರಹಾಲಯವೊಂದು ತಲೆಯೆತ್ತುತ್ತಿದೆ.

ಆ ಹಡಗಿಗೆ ಕೌಂಡಿನ್ಯನ ಹೆಸರನ್ನು ಇಟ್ಟುದು ವಿಚಾರಾರ್ಹವಾಗಿದೆ. ಕಾಂಬೋಡಿಯಾದ ಪುರಾತನ ಐತಿಹ್ಯದಲ್ಲಿ ಕೌಂಡಿನ್ಯನು ಭಾರತದಿಂದ ಕಡಲು ದಾಟಿ ಹೋಗಿ, ಅಲ್ಲಿಯ ರಾಜಕುವರಿಯನ್ನು ವರಿಸಿ, ರಾಜವಂಶವೊಂದಕ್ಕೆ ಮೂಲಪುರುಷನಾದ ಬ್ರಾಹ್ಮಣನು. ಇತ್ತ ಅವನ ತವರಿನ ಧರ್ಮಶಾಸ್ತ್ರವೇನು ಹೇಳಿತು? ಬೌಧಾಯನನು ಸಮುದ್ರಯಾನವನ್ನು ಪಾತಿತ್ಯಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದನು. ಮನುವು ತನ್ನ ಮೂರನೆಯ ಅಧ್ಯಾಯದಲ್ಲಿ ಕಡಲಯಾನ ಮಾಡಿದವನನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿರಿಸಿದನು. ತರುವಾಯದ ನಿಬಂಧಕಾರರು ಅದನ್ನು ಕಲಿವರ್ಜ್ಯಗಳಲ್ಲಿ ಸೇರಿಸಿದರು. ಆದರೂ ಅದೇ ಮನುವು ಎಂಟನೆಯ ಅಧ್ಯಾಯಕ್ಕೆ ಬರುವಾಗ, ಸಮುದ್ರಯಾನದಲ್ಲಿ ಕುಶಲರಾಗಿ ದೇಶಕಾಲಗಳನ್ನು ಬಲ್ಲವರು ಗೊತ್ತುಪಡಿಸಿದ ಬಡ್ಡಿಯೇ ಪ್ರಮಾಣವೆಂದು ಒಪ್ಪುತ್ತಾನೆ. ಅದೇ ಅಧ್ಯಾಯದಲ್ಲಿ ನದಿಯ ದೋಣಿಗಳ ವಿಷಯವೂ ಬರುತ್ತದೆ: ನಾವಿಕರ ತಪ್ಪಿನಿಂದ ದೋಣಿಯಲ್ಲಿದ್ದ ಸಾಮಾನು ಹಾಳಾದರೆ ನಾವಿಕರೆಲ್ಲರೂ ಕೂಡಿ ಅದನ್ನು ತುಂಬಿಕೊಡಬೇಕು, ದೈವದಿಂದಾದ ಹಾನಿಗೆ ಅವರ ಮೇಲೆ ದಂಡವಿಲ್ಲ, ಮತ್ತು ಗರ್ಭಿಣಿ, ಸಂನ್ಯಾಸಿ, ವಾನಪ್ರಸ್ಥ, ಬ್ರಹ್ಮಚಾರಿ ಇವರಿಂದ ದೋಣಿಯ ಶುಲ್ಕವನ್ನು ಕೊಳ್ಳತಕ್ಕದ್ದಲ್ಲ. ಗರ್ಭಿಣಿಯ ವಿಷಯದಲ್ಲಿ ನನಗೆ ಬೇರೆ ಮಾತಿಲ್ಲ. ಉಳಿದವರನ್ನು ನೋಡಿ. ಆಚೆಯ ದಡವೇ ಪರಮಪುರುಷಾರ್ಥವೆಂದು ನಂಬಿ, ಅದಕ್ಕಾಗಿಯೇ ಮನೆಮಠಗಳನ್ನು ಬಿಟ್ಟು ಹೊರಟವರು, ತಮ್ಮನ್ನು ಪ್ರತ್ಯಕ್ಷವಾಗಿ ಆಚೆಗೆ ಮುಟ್ಟಿಸುವವನಿಗೆ ಏನನ್ನೂ ಕೊಡಬೇಕಾಗಿಲ್ಲವೆಂದು ಶಾಸ್ತ್ರ ಹೇಳಿತು. ಹೀಗೆ ಅಂದಿನಿಂದ ಏರುತ್ತ ಬಂದ ಋಣವೊಂದು ನಮ್ಮ ತತ್ತ್ವಚಿಂತನೆಯ ಮೇಲಿದೆ.

ನಿಷೇಧದ ಕಥೆಯೂ ಇನ್ನೂ ಪೂರ್ತಿ ಮುಗಿದಿಲ್ಲ. 2008ರ ಉಡುಪಿಯ ಪರ್ಯಾಯದ ಸಂದರ್ಭದಲ್ಲಿ, ವಿದೇಶಯಾತ್ರೆ ಮಾಡಿಬಂದ ಯತಿಗಳು ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದವೆದ್ದುದನ್ನು ನಾಡೆಲ್ಲ ಬಲ್ಲದು. ಸಂಪ್ರದಾಯವನ್ನು ಕಾಯುವವರ ನಿಷ್ಠೆಯನ್ನು ನಾನು ಲಘುವಾಗಿ ಕಾಣುವವನಲ್ಲ. ಆದರೆ ಆ ಕೃಷ್ಣನು ಬಂದ ಬಗೆಯನ್ನು ಸಂಪ್ರದಾಯವೇ ಹೇಳಿದೆಯಷ್ಟೆ: ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿದಾಗ, ದಡದಲ್ಲಿದ್ದ ಮಧ್ವಾಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ಅದನ್ನು ಕಾಪಾಡಿದರು, ನಾವಿಕನು ಕೃತಜ್ಞತೆಯಿಂದ ಒಪ್ಪಿಸಿದ ಗೋಪೀಚಂದನದ ಗಡ್ಡೆಯೊಳಗೆ ಬಾಲಕೃಷ್ಣನಿದ್ದನು. ದೇವರು ಕಡಲಿನ ಮೇಲೆಯೇ ಬಂದನು. ಆಚಾರ್ಯರ ಕಾರುಣ್ಯವನ್ನು ನಾವು ದಿನವೂ ಸ್ಮರಿಸುವೆವು. ವಿಗ್ರಹವನ್ನು ಅಲ್ಲಿಯವರೆಗೆ ಹೊತ್ತು ತಂದ ನಾವಿಕನ ಹೆಸರು ನಮ್ಮ ನಾಲಗೆಯ ಮೇಲಿಲ್ಲ.

ಒಣನಾಡೆಂದು ನಾವು ಕರೆಯುವ ನಮ್ಮ ಪ್ರಾಂತಕ್ಕೂ ಕಡಲು ಬಂದು ಮುಟ್ಟಿದೆ. ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನು ಬರೆಯಿಸಿದ ಶಾಸನಗಳಿವೆ. ಅವುಗಳಲ್ಲೊಂದು, ಚೋಳ ಪಾಂಡ್ಯರ ನಾಡುಗಳಲ್ಲಿಯೂ ತಾಮ್ರಪರ್ಣಿಯಲ್ಲಿಯೂ ಯವನರಾಜ ಅಂತಿಯೋಕನ ರಾಜ್ಯದಲ್ಲಿಯೂ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನು, ಮದ್ದಿನ ಗಿಡಗಳಿಲ್ಲದೆಡೆಗೆ ಅವನ್ನು ಕೊಂಡೊಯ್ದು ನೆಡಿಸಿದುದನ್ನು ಸಾರುತ್ತದೆ. ತಾಮ್ರಪರ್ಣಿಯೆಂದರೆ ಸಿಂಹಳ, ಅಲ್ಲಿಗೆ ಮದ್ದಿನ ಬೇರು ಹೋಗಬೇಕಾದರೆ ಹಡಗಿನಲ್ಲಿಯೇ ಹೋಗಬೇಕು. ಮಳೆ ಬಿದ್ದೊಡನೆ ಜನರು ವಜ್ರದ ಹರಳನ್ನರಸುತ್ತ ಬಗ್ಗಿ ನಡೆಯುವ ಆ ಹೊಲಗಳ ನಡುವೆ, ಪರದ್ವೀಪದ ರೋಗಿಯ ಆರೈಕೆಯನ್ನು ಕುರಿತ ಮಾತು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಬಿಸಿಲಿನಲ್ಲಿ ನಿಂತಿದೆ.

ಆ ಅರಸನು ಶರಣುಹೊಕ್ಕ ಬುದ್ಧನ ದೃಷ್ಟಾಂತವೊಂದು ಇಲ್ಲಿ ಬಹಳ ಮುಖ್ಯವಾದುದು. ಮಜ್ಝಿಮನಿಕಾಯದ ಅಲಗದ್ದೂಪಮ ಸುತ್ತದಲ್ಲಿ ಅದು ಬರುತ್ತದೆ. ದಾರಿಗನೊಬ್ಬನು ತುಂಬಿದ ನೀರಿಗೆ ಅಡ್ಡವಾಗಿ ಬಂದು, ದೋಣಿಯನ್ನಾಗಲಿ ಸಂಕವನ್ನಾಗಲಿ ಕಾಣದೆ, ಹುಲ್ಲು ಕೊಂಬೆಗಳಿಂದ ತೆಪ್ಪವನ್ನು ಕಟ್ಟಿಕೊಂಡು ಕೈಕಾಲು ಬಡಿದು ದಾಟುತ್ತಾನೆ. ದಾಟಿದ ಮೇಲೆ ಅದನ್ನು ತಲೆಯ ಮೇಲೆ ಹೊತ್ತುಕೊಂಡು ನಡೆಯುವುದು ಉಚಿತವೇ? ಅಲ್ಲವೆಂದು ಬುದ್ಧನ ತೀರ್ಮಾನ. ಧರ್ಮವೂ ಹಾಗೆಯೇ, ದಾಟುವುದಕ್ಕೆ ಹೊರತು ಹಿಡಿದುಕೊಳ್ಳುವುದಕ್ಕಲ್ಲ. ಈ ದೃಷ್ಟಾಂತವನ್ನು ಮೇಲೆಮೇಲೆ ಬಲ್ಲವರು, ವಸ್ತುಸಂಗ್ರಹಾಲಯದಲ್ಲಿ ಹಳೆಯ ಹಡಗನ್ನು ಕಾಪಿಡುವುದೂ ಒಂದು ಬಗೆಯ ವ್ಯಾಮೋಹವೆಂದು ಹೇಳಿಯಾರು. ಆದರೆ ಆ ಸುತ್ತದಲ್ಲಿಯೇ, ವಿವೇಕಿಯಾದ ದಾರಿಗನು ತೆಪ್ಪವನ್ನು ನೀರಿನಲ್ಲಿ ತೇಲಬಿಡಬಹುದು, ಇಲ್ಲವೆ ಒಣನೆಲಕ್ಕೆ ಎಳೆದಿಟ್ಟು ತನ್ನ ದಾರಿ ಹಿಡಿಯಬಹುದು ಎಂಬ ಎರಡು ಮಾರ್ಗಗಳಿವೆ. ಎರಡನೆಯದರ ಮೇಲೆ ವ್ಯಾಖ್ಯಾನಗಳು ಹೆಚ್ಚು ನಿಲ್ಲುವುದನ್ನು ನಾನು ಕಂಡಿಲ್ಲ. ತೇಲಬಿಟ್ಟ ತೆಪ್ಪವು ದಾಟಿದವನ ನಿರ್ಮೋಹಕ್ಕೆ ಸಾಕ್ಷಿ. ದಡಕ್ಕೆ ಎಳೆದಿಟ್ಟ ತೆಪ್ಪವಾದರೋ ಹಿಂದೆ ಬರುವವನ ಕೈಗೆ ಸಿಕ್ಕುತ್ತದೆ.

ಅಷ್ಟಾದರೂ ಅದು ದಾಟುವವನ ದೃಷ್ಟಾಂತವೇ. ಅಂಬಿಗನ ನಡತೆ ಬೇರೆ, ಅದನ್ನರಿಯಲು ತುಂಗಭದ್ರೆಯ ಹರಿಗೋಲನ್ನು ಹತ್ತಿರದಿಂದ ನೋಡಬೇಕು. ಬಿದಿರನ್ನು ಸೀಳಿ, ದಬ್ಬೆಗಳನ್ನು ನಡುವಿನಿಂದ ಹೊರಕ್ಕೆ ಒಂದರ ಮೇಲೊಂದು ಹಾಯಿಸಿ ಹೆಣೆಯುತ್ತ ಬಂದು, ದುಂಡಗೆ ಮೇಲಕ್ಕೆ ಬಾಗಿಸಿ, ಅಂಚನ್ನು ದಪ್ಪವಾಗಿ ಸುತ್ತಿ ಬಿಗಿಯುತ್ತಾರೆ. ಹೊರಮೈಗೆ ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನು ಇದನ್ನು ಕಂಡು, ಬುಟ್ಟಿಯಂತೆ ದುಂಡಾದ, ಒಳಗೆ ಬೆತ್ತವೂ ಹೊರಗೆ ತೊಗಲೂ ಇರುವ ಈ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊರುವುವೆಂದೂ, ನೆಟ್ಟಗೆ ಹೋಗಲಾರದೆ ಸದಾ ತಿರುಗುತ್ತಿರುವುವೆಂದೂ ಬರೆದಿಟ್ಟನು. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಒಂದೇ ಹುಟ್ಟಿನಿಂದ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತ, ತಿರುಗುವ ಸ್ವಭಾವದ ಪಾತ್ರೆಯನ್ನು ತಿರುಗಗೊಡದೆ ಗುರಿಗೆ ಒಯ್ಯುವುದು ಅಂಬಿಗನ ವಿದ್ಯೆ. ಸೆಳವು ಅವನನ್ನು ಕೆಳಕ್ಕೆ ಒಯ್ಯುತ್ತದೆಯಾದ ಕಾರಣ ಅವನು ಹೊರಟ ಕಡೆಗೆ ಎದುರಾಗಿ ದಡ ಸೇರುವುದು ಅಪರೂಪ. ಜನ ಇಳಿದು ತಮ್ಮ ತಮ್ಮ ಊರ ದಾರಿ ಹಿಡಿದ ಮೇಲೆ, ಅವನು ಚಿಕ್ಕ ಹರಿಗೋಲನ್ನು ಮಗುಚಿ ತಲೆಯ ಮೇಲೆ ಹೊತ್ತುಕೊಂಡು, ದಡಗುಂಟ ಮೇಲಕ್ಕೆ ನಡೆದು, ಮತ್ತೆ ನೀರಿಗಿಳಿಸಿ, ಈಚೆಯ ದಡದಲ್ಲಿ ಕಾದಿರುವವರ ಬಳಿಗೆ ಬರುತ್ತಾನೆ. ತೆಪ್ಪವನ್ನು ತಲೆಯ ಮೇಲೆ ಹೊರುವುದು ಪ್ರಯಾಣಿಕನಿಗೆ ಅವಿವೇಕ. ಅಂಬಿಗನಿಗೆ ಅದೇ ಧರ್ಮ. ಅವನು ಆಚೆಯ ದಡವನ್ನು ಸಾವಿರ ಸಲ ಮುಟ್ಟಿಯೂ ಒಂದು ಸಲವೂ ಅಲ್ಲಿ ನೆಲಸುವುದಿಲ್ಲ. ಹೊತ್ತಿರುವುದು ತನ್ನ ಪಾಲಿನ ಆಸ್ತಿಯೆಂಬ ಮೋಹದಿಂದಲ್ಲ, ಇನ್ನೂ ದಾಟದವರು ಇರುವರೆಂಬ ಅರಿವಿನಿಂದ.

ದಾಸರ ಪದಗಳಲ್ಲಿ ಮಾತನಾಡುವವನು ದೋಣಿಯನ್ನೇರಿದ ಜೀವ. ಅಂಬಿಗನು ಕೇಳಿಸಿಕೊಳ್ಳುವ ದೇವರು. ದೋಣಿಯ ಆ ತುದಿಯಿಂದ ಬಂದ ಮಾತು ನಮ್ಮ ಸಾಹಿತ್ಯದಲ್ಲಿ ಒಮ್ಮೆ ಕೇಳಿಸಿತು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನು, ಇದೇ ತುಂಗಭದ್ರೆಯ ದಡದ ಚೌಡದಾನಪುರದೊಂದಿಗೆ ನೆನಪು ಬೆಸೆದುಕೊಂಡವನು, ಇತರ ಶರಣರು ತಮ್ಮ ಇಷ್ಟದೈವದ ಹೆಸರನ್ನು ವಚನದ ಅಂಕಿತವಾಗಿಸಿಕೊಂಡಿರಲು, ತನ್ನ ಕಸುಬಿನೊಡನೆ ಕೂಡಿದ ತನ್ನ ಹೆಸರನ್ನೇ ಅಂಕಿತವಾಗಿಟ್ಟನು. ಅದನ್ನು ಅಹಂಕಾರವೆಂದು ಬಗೆಯಲು ನನ್ನ ಮನಸ್ಸು ಒಪ್ಪದು. ಹುಟ್ಟು ಹಾಕುವ ಕೈಯೇ ಸಾಕ್ಷಿ ನುಡಿಯಲು ಅರ್ಹವೆಂಬ ಧೈರ್ಯ ಅದರಲ್ಲಿದೆ.

ಮಂತ್ರಾಲಯದ ಕಥೆಯನ್ನೂ ಈ ಬೆಳಕಿನಲ್ಲಿ ಓದಬೇಕೆಂಬುದು ನನ್ನ ವಿಜ್ಞಾಪನೆ. ಮಂತ್ರಾಲಯವಾದ ಮಂಚಾಲೆಯ ಆ ನೆಲವನ್ನು ಗುರು ರಾಘವೇಂದ್ರಸ್ವಾಮಿಗಳಿಗೆ ಒಪ್ಪಿಸಿದವನು ಆದೋನಿಯನ್ನಾಳುತ್ತಿದ್ದ ಸಿದ್ದಿ ಮಸೂದ್ ಖಾನನೆಂದು ಐತಿಹ್ಯ. ಸಿದ್ದಿಗಳು ಆಫ್ರಿಕದಿಂದ ಕಡಲ ಮೇಲೆ ಬಂದವರ ಸಂತತಿ. 1671ರ ಶ್ರಾವಣದಲ್ಲಿ ರಾಘವೇಂದ್ರಸ್ವಾಮಿಗಳು ಸಶರೀರರಾಗಿ ಬೃಂದಾವನವನ್ನು ಪ್ರವೇಶಿಸುವಾಗ, ನದಿಯ ಆಚೆಯಿದ್ದ ಶಿಷ್ಯ ಅಪ್ಪಣ್ಣಾಚಾರ್ಯರು ಸುದ್ದಿ ತಿಳಿದು ಧಾವಿಸಿ, ತುಂಬಿ ಹರಿಯುವ ತುಂಗಭದ್ರೆಯನ್ನು ಗುರುಸ್ತೋತ್ರವನ್ನು ಪಠಿಸುತ್ತಲೇ ದಾಟಿ ಬಂದರೆಂದೂ, ಅಷ್ಟರಲ್ಲಿ ಕೊನೆಯ ಶಿಲೆಯನ್ನಿರಿಸಿಯಾಗಿದ್ದುದರಿಂದ ಅವರ ಕಂಠ ಬಿಗಿದು ನಿಂತ ಸ್ತೋತ್ರವನ್ನು ಬೃಂದಾವನದೊಳಗಿನ ಧ್ವನಿಯೇ ಪೂರ್ಣಗೊಳಿಸಿತೆಂದೂ ಹೇಳುತ್ತಾರೆ. ಮಾಧ್ವಸಿದ್ಧಾಂತದಲ್ಲಿ ಮೋಕ್ಷವನ್ನೀಯುವವನು ವಿಷ್ಣುವೊಬ್ಬನೇ. ಗುರುವು ಆ ಪ್ರಸಾದಕ್ಕೆ ದ್ವಾರ. ಹಾಗಿದ್ದೂ ಗುರುಗಳು ಏಳುನೂರು ವರ್ಷ ಆ ಬೃಂದಾವನದಲ್ಲಿ ಭಕ್ತರಿಗಾಗಿ ಇರುವರೆಂಬ ನಂಬಿಕೆಯನ್ನು ಹಳ್ಳಿಯ ಮುದುಕಿಯೂ ಬಲ್ಲಳು. ತಾನು ದಾಟಲು ಶಕ್ತನಾದವನು ದಾಟದವರಿಗಾಗಿ ಈಚೆಯ ದಡದಲ್ಲಿ ಉಳಿಯುವುದೆಂಬ ಈ ಭಾವನೆ ಯಾವ ಗ್ರಂಥದಿಂದ ಬಂತೋ ಪಂಡಿತರು ಹೇಳಲಿ. ಆ ಊರಿನ ಜನರ ಕಣ್ಣೆದುರಿಗೆ ಅದನ್ನು ದಿನವೂ ಆಚರಿಸಿ ತೋರಿಸುತ್ತಿದ್ದವನು ಅಂಬಿಗನು. ಅಂಬಿಗನನ್ನು ಕಂಡುದರಿಂದಲೇ ನಮ್ಮವರಿಗೆ ಗುರುವು ಅರ್ಥವಾದನೆಂದು ನಾನು ನಂಬುತ್ತೇನೆ. ಅವನ ಗತಿಯೇನೆಂಬ ಪ್ರಶ್ನೆಗೂ ನನಗೆ ದೊರೆತ ಉತ್ತರ ಅಲ್ಲಿಯೇ ಇದೆ: ಮುಕ್ತಿಯನ್ನು ಮುಂದೂಡಿದವನು ಮುಕ್ತಿಗೆ ದೂರವಾದವನಲ್ಲ.

ಇಂದು ನದಿಗೆ ಸೇತುವೆಗಳಾಗಿವೆ. ಮೇಲೆ ಹೊಸಪೇಟೆಯ ಬಳಿ ಅಣೆಕಟ್ಟು ನಿಂತು, ಬೇಸಿಗೆಯಲ್ಲಿ ಮಂತ್ರಾಲಯದ ಮೆಟ್ಟಿಲ ಕೆಳಗೆ ಬಂಡೆಗಳು ಕಾಣುತ್ತವೆ. 2009ರ ಅಕ್ಟೋಬರಿನ ಮಹಾಪೂರದಲ್ಲಿ ನದಿ ಊರನ್ನೇ ಹೊಕ್ಕಾಗ ದೋಣಿಯ ಬೆಲೆ ಮತ್ತೆ ನೆನಪಾಯಿತು, ನೀರಿಳಿದೊಡನೆ ಮರೆತುಹೋಯಿತು. ಹರಿಗೋಲು ಹೆಣೆಯುವ ಕೈಗಳು ಕಡಿಮೆಯಾಗುತ್ತಿವೆ. ಕೌಂಡಿನ್ಯವನ್ನು ಕಟ್ಟಲು ಸಾಧ್ಯವಾದುದಕ್ಕೆ ಅಜಂತೆಯ ಚಿತ್ರವೊಂದೇ ಕಾರಣವಲ್ಲ. ಹಲಗೆಯನ್ನು ಹೊಲಿಯಬಲ್ಲ ಕೈಗಳು ಕೇರಳದ ಕರಾವಳಿಯಲ್ಲಿ ಇನ್ನೂ ಉಳಿದಿದ್ದುವು. ಆದುದರಿಂದ ನಮ್ಮ ನದಿಯ ಸಂಗ್ರಹಾಲಯವು, ಅಂಥದೊಂದು ಆಗುವುದಾದರೆ, ಗಾಜಿನ ಪೆಟ್ಟಿಗೆಯ ಹಿಂದೆ ಒಣಗಿದ ಹರಿಗೋಲೊಂದನ್ನು ಇರಿಸಿ ತೃಪ್ತಿಪಡಬಾರದು. ಹನ್ನೆರಡು ವರ್ಷಕ್ಕೊಮ್ಮೆ ಬರುವ ತುಂಗಭದ್ರಾ ಪುಷ್ಕರ 2020ರ ನವೆಂಬರಿನಲ್ಲಿ ಬಂದು ಹೋಯಿತು. ಮುಂದಿನದು ಬರುವ ವೇಳೆಗೆ, ಮಂತ್ರಾಲಯದಲ್ಲಿ ನದಿಗಿಳಿಯುವ ದಾರಿಯ ಒಂದು ಚಪ್ಪರದಡಿ, ಬಿದಿರು ಸೀಳಿ ಹೆಣೆಯಬಲ್ಲ ಹಿರಿಯರು ತಮ್ಮ ಊರಿನ ಹುಡುಗರಿಗೆ ಸಂಬಳ ಸಹಿತವಾಗಿ ಆ ವಿದ್ಯೆಯನ್ನು ಕಲಿಸುವಂತಾಗಲಿ, ಹೆಣೆದವರ ಹೆಸರು ಹರಿಗೋಲಿನ ಅಂಚಿನ ಮೇಲೆ ಬರೆಯಲ್ಪಡಲಿ, ಮತ್ತು ಅದನ್ನೇರಿ ನೀರಿನ ಮೇಲೆ ಒಂದು ಸುತ್ತು ಹೋಗಿಬರುವ ಯಾತ್ರಿಕರೆಲ್ಲರೂ, ಯತಿಗಳೂ ಸೇರಿದಂತೆ, ಅಂಬಿಗನ ಕೈಗೆ ಅವನ ಶುಲ್ಕವನ್ನು ಸಲ್ಲಿಸಿ ಇಳಿಯಲಿ.